ಕಲ್ಲು ಓದಿದರೆ ಅನ್ನ ಸಿಗುತ್ತದೆಯೇ?

"ಕಲ್ಲು ಒಡ್ಯಾಕ ಬಿ.ಎಸ್ಸಿ. ಯಾಕ ಬೇಕ್ರಿ ಸರ್?"

ಪಿಯುಸಿ ಫಲಿತಾಂಶ ಬಂದ ವಾರದಲ್ಲಿ ಗುತ್ತಲದ ಪಾಲಕರೊಬ್ಬರು ನನಗೆ ಕೇಳಿದ ಪ್ರಶ್ನೆ ಇದು. ಮಗಳಿಗೆ ಮೆಡಿಕಲ್ ಸೀಟು ಸಿಗುವಷ್ಟು ಅಂಕ ಬಂದಿಲ್ಲ. ಇಂಜಿನಿಯರಿಂಗ್ ಬೇಡ ಅನ್ನುತ್ತಾಳೆ. ಧಾರವಾಡಕ್ಕೆ ಹೋಗಿ ಭೂಗರ್ಭಶಾಸ್ತ್ರ ಓದುತ್ತೇನೆ, ಮುಂದೆ ಸಂಶೋಧನೆ ಮಾಡುತ್ತೇನೆ ಎಂದು ಹಟ ಹಿಡಿದಿದ್ದಾಳೆ. ತಂದೆಗೆ ಇದು ತಿಳಿಯದ ಮಾತು. ಆದರೆ ಇದೇ ತಂದೆ ತಮ್ಮ ಹೊಲದಲ್ಲಿ ಮೂರು ಬೋರು ಕೊರೆಸಿದ್ದಾರೆ. ಎರಡರಲ್ಲಿ ಬಂದದ್ದು ಬರೀ ಧೂಳು. ಪಾಯಿಂಟು ತೋರಿಸಿದವರು ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಲ ಸುತ್ತಿದವರು. ನೆಲದ ಕೆಳಗಿನ ಕಲ್ಲು ಎಂಥದ್ದೆಂದು ತಿಳಿಯದೆ ಅವರು ತೆತ್ತ ದಂಡದಲ್ಲಿ ಮಗಳ ಐದು ವರ್ಷದ ಓದು ಸಲೀಸಾಗಿ ಮುಗಿಯುತ್ತಿತ್ತು.

ಇಂಥ ಪ್ರಶ್ನೆ ಕೇಳುವ ಪಾಲಕರು ಅವರೊಬ್ಬರೇ ಅಲ್ಲವಾದ್ದರಿಂದ ಈ ವಾರದ ಅಂಕಣ ಅದಕ್ಕೇ ಮೀಸಲು. ನಾನು ಹೈಸ್ಕೂಲಿನ ವಿಜ್ಞಾನ ಶಿಕ್ಷಕ, ಭೂಗರ್ಭಶಾಸ್ತ್ರಜ್ಞನಲ್ಲ. ಆದರೆ ಯಾವ ದಾರಿ ಎಲ್ಲಿಗೆ ಹೋಗುತ್ತದೆ, ಎಲ್ಲಿ ಕವಲೊಡೆಯುತ್ತದೆ ಎಂಬುದನ್ನು ವಿದ್ಯಾರ್ಥಿಗಳಿಗೆ ಹೇಳುವುದೂ ಶಿಕ್ಷಕನ ಕೆಲಸವೇ.

ಮೊದಲು ನಮ್ಮ ಕಾಲ ಕೆಳಗೇ ನೋಡೋಣ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಮೂರೂ ಊರುಗಳು ಸರ್ವೆ ಆಫ್ ಇಂಡಿಯಾದ ನಕ್ಷೆಗಳಲ್ಲಿ 48 ಎನ್ ಎಂಬ ಒಂದೇ ಹಾಳೆಯೊಳಗೆ ಬರುತ್ತವೆ. ಭೂಗರ್ಭಶಾಸ್ತ್ರದ ಜಗತ್ತಿನಲ್ಲಿ ಈ ಹಾಳೆ ಅಷ್ಟೇನೂ ಅಪರಿಚಿತವಲ್ಲ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ರಾಬರ್ಟ್ ಬ್ರೂಸ್ ಫೂಟ್ 1880ರ ದಶಕದಲ್ಲಿ ಈ ಸೀಮೆಯ ಕಲ್ಲುಗಳನ್ನು ನೋಡಿ 'ಧಾರವಾಡ ಶಿಲಾಸಮೂಹ' ಎಂದು ಹೆಸರಿಟ್ಟರು. ಭೂಮಿಯ ಹಳೆಯ ಶಿಲೆಗಳ ಬಗ್ಗೆ ಎಲ್ಲೇ ಚರ್ಚೆ ನಡೆದರೂ ಆ ಹೆಸರು ಇಂದಿಗೂ ಬರುತ್ತದೆ. ಅದರೊಳಗಿನ ಒಂದು ಉಪವಿಭಾಗಕ್ಕೆ ನಮ್ಮ ರಾಣೆಬೆನ್ನೂರಿನ ಹೆಸರೇ ಇದೆ. ಬೀಜದ ವ್ಯಾಪಾರದಿಂದ ಹೆಸರಾದ ಊರು ಕಲ್ಲಿನ ಪುಸ್ತಕಗಳಲ್ಲೂ ಹೆಸರು ಪಡೆದಿದೆ ಎಂಬುದು ಅಲ್ಲಿಯ ಎಷ್ಟು ಮಂದಿಗೆ ಗೊತ್ತೋ!

ರಾಣೆಬೆನ್ನೂರು ಗುಂಪಿನ ಮುಖ್ಯ ಶಿಲೆಗೆ ಗ್ರೇವ್ಯಾಕ್ ಎನ್ನುತ್ತಾರೆ. ಸಮುದ್ರದ ತಳದಲ್ಲಿ ಕೆಸರೂ ಮರಳೂ ಬೆರೆತು ಕೂತು, ಮೇಲಿನ ಭಾರಕ್ಕೆ ಗಟ್ಟಿಯಾಗಿ, ಮುಂದೆ ಭೂಮಿಯ ಒತ್ತಡಕ್ಕೆ ಮಡಿಕೆ ಬಿದ್ದ ಕಲ್ಲು ಇದು. ಅಂದರೆ ಇಂದು ಮೆಣಸಿನಕಾಯಿ, ಹತ್ತಿ, ಗೋವಿನಜೋಳ ಬೆಳೆಯುವ ಈ ಸೀಮೆಯ ಬಹುಭಾಗ ಒಂದು ಕಾಲಕ್ಕೆ ಸಮುದ್ರವಾಗಿತ್ತು. ಯಾವ ಕಾಲಕ್ಕೆ? ಸುಮಾರು 260 ಕೋಟಿ ವರ್ಷಗಳ ಹಿಂದೆ. ಆಗ ಗಿಡ, ಮೀನು ಯಾವುದೂ ಇರಲಿಲ್ಲ. ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳಷ್ಟೇ ಇದ್ದವು.

ಇಷ್ಟು ಹೇಳಿದಾಗ ತರಗತಿಯಲ್ಲಿ ಯಾವನಾದರೂ ಒಬ್ಬ ಹುಡುಗ ಎದ್ದು ನಿಂತು "ಅದು ಹೆಂಗ ಗೊತ್ತಾತ್ರೀ ಸರ್? ಅಳದವರ್ಯಾರು?" ಎಂದು ಕೇಳಿಯೇ ಕೇಳುತ್ತಾನೆ. ಅಂಥವನನ್ನು ನಾನು ಕೂಡ್ರಿಸುವುದಿಲ್ಲ. ಅವನೇ ಮುಂದೆ ಸಂಶೋಧಕನಾಗುವ ಹುಡುಗ. ಅಳೆಯುವ ಬಗೆ ಹೀಗಿದೆ: ಜ್ವಾಲಾಮುಖಿಯಿಂದ ಬಂದ ಕೆಲವು ಕಲ್ಲುಗಳಲ್ಲಿ ಜಿರ್ಕಾನ್ ಎಂಬ ಖನಿಜದ ಸಣ್ಣ ಕಾಳುಗಳಿರುತ್ತವೆ. ಈ ಕಾಳು ಹುಟ್ಟುವಾಗ ಯುರೇನಿಯಂ ಅಣುಗಳನ್ನು ಒಳಗೆ ಸೇರಿಸಿಕೊಳ್ಳುತ್ತದೆ, ಸೀಸವನ್ನು ಹೆಚ್ಚುಕಡಿಮೆ ಸೇರಿಸಿಕೊಳ್ಳುವುದೇ ಇಲ್ಲ. ಆದ್ದರಿಂದ ಇಂದು ಆ ಕಾಳಿನೊಳಗೆ ಸೀಸ ಕಂಡರೆ ಅದು ಯುರೇನಿಯಂ ಕರಗಿ ಆದ ಸೀಸ. ಯುರೇನಿಯಂ-238ರಲ್ಲಿ ಅರ್ಧ ಭಾಗ ಸೀಸವಾಗಲು ಸುಮಾರು 447 ಕೋಟಿ ವರ್ಷ ಬೇಕು. ಎಷ್ಟು ಉಳಿದಿದೆ, ಎಷ್ಟು ಸೀಸವಾಗಿದೆ ಎಂದು ಅಳೆದರೆ ಕಾಳಿನ ವಯಸ್ಸು ಸಿಗುತ್ತದೆ. ಹತ್ತನೇ ಇಯತ್ತೆ ದಾಟಿದ ಯಾರಿಗಾದರೂ ತಿಳಿಯುವ ಲೆಕ್ಕ ಇದು. ಕಷ್ಟವಿರುವುದು ಅಳತೆಯಲ್ಲಿ. ಅದಕ್ಕೆ ಒಳ್ಳೆಯ ಯಂತ್ರ, ಸ್ವಚ್ಛವಾದ ಪ್ರಯೋಗಾಲಯ, ಬಹಳ ತಾಳ್ಮೆ ಬೇಕು.

ಕಲ್ಲಿನ ಗುಣ ನೋಡಿ ಕೆಲಸ ಮಾಡುವುದು ನಮ್ಮವರಿಗೆ ಹೊಸದೇನಲ್ಲ. ಗುತ್ತಲದ ಗುತ್ತರು ಆಳಿದ ಈ ಭಾಗದಲ್ಲಿ, ಚೌಡದಾನಪುರದ ಮುಕ್ತೇಶ್ವರ ಗುಡಿಯ ಕಂಬಗಳನ್ನು ಮುಟ್ಟಿ ನೋಡಿ. ನುಣುಪಾದ ಬಳಪದ ಕಲ್ಲು. ಬಾದಾಮಿ, ಪಟ್ಟದಕಲ್ಲಿನ ಗುಡಿಗಳು ಮರಳುಗಲ್ಲಿನವು. ಕಲ್ಯಾಣ ಚಾಲುಕ್ಯರ ಕಾಲಕ್ಕೆ ನಮ್ಮ ಕಡೆಯ ಶಿಲ್ಪಿಗಳು ಧಾರವಾಡ ಶಿಲೆಗಳಲ್ಲಿ ಸಿಗುವ ಈ ಮೆತ್ತನೆಯ ಕಲ್ಲಿಗೆ ಹೊರಳಿದರು. ಆ ಕೆತ್ತನೆ ಅಷ್ಟು ಸೂಕ್ಷ್ಮವಾದದ್ದಕ್ಕೆ ಕಲ್ಲಿನ ಗುಣವೂ ಒಂದು ಕಾರಣ.

ಹಳೆಯ ವೈಭವದ ಮಾತು ಸಾಕು. ಇಂದು ಸಂಶೋಧನೆಗೆ ವಿಷಯ ಎಲ್ಲಿದೆ ಎಂದರೆ ಮೊದಲಿಗೆ ನಮ್ಮ ಕೊಡದಲ್ಲೇ ಇದೆ. ಪಕ್ಕದ ಗದಗ ಜಿಲ್ಲೆಯ ಮುಂಡರಗಿ ಭಾಗದ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚೆಂಬುದು ಬಹಳ ವರ್ಷಗಳಿಂದ ಗೊತ್ತಿರುವ ಸಂಗತಿ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನ ಒಂದು ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಇರಬಹುದು. ಬೇರೆ ನೀರೇ ಇಲ್ಲದಿದ್ದರೆ 1.5ರ ವರೆಗೆ ಒಪ್ಪಬಹುದು. ಅದನ್ನು ಮೀರಿದ ನೀರನ್ನು ವರ್ಷಾನುಗಟ್ಟಲೆ ಕುಡಿದರೆ ಮೊದಲು ಮಕ್ಕಳ ಹಲ್ಲಿಗೆ ಕಲೆ, ಆಮೇಲೆ ಮೂಳೆಗೆ ತೊಂದರೆ.

ಈ ಫ್ಲೋರೈಡ್ ಯಾರೋ ಸುರಿದದ್ದಲ್ಲ, ಕಲ್ಲಿನಿಂದಲೇ ಬಂದದ್ದು. ಗ್ರಾನೈಟು, ನೈಸ್ ಮುಂತಾದ ಶಿಲೆಗಳಲ್ಲಿರುವ ಫ್ಲೋರೈಟ್, ಅಪಟೈಟ್, ಕಾಗೆಬಂಗಾರದ ಜಾತಿಯ ಬಯೋಟೈಟ್ ಇವುಗಳಿಂದ ಅದು ನಿಧಾನವಾಗಿ ನೀರಿಗೆ ಇಳಿಯುತ್ತದೆ. ನೀರು ಬಿರುಕುಗಳಲ್ಲಿ ಎಷ್ಟು ದೀರ್ಘಕಾಲ ನಿಂತಿತೋ ಅಷ್ಟು ಹೆಚ್ಚು. ಇನ್ನೊಂದು ಸ್ವಾರಸ್ಯವಿದೆ. ನೀರಿನಲ್ಲಿ ಕ್ಯಾಲ್ಸಿಯಂ ಚೆನ್ನಾಗಿದ್ದರೆ ಅದು ಫ್ಲೋರೈಡನ್ನು ಹಿಡಿದು ತಳಕ್ಕೆ ಕೂಡಿಸುತ್ತದೆ, ಏಕೆಂದರೆ ಕ್ಯಾಲ್ಸಿಯಂ ಫ್ಲೋರೈಡ್ ನೀರಿನಲ್ಲಿ ಕರಗುವುದು ಬಹಳ ಕಡಿಮೆ. ಕ್ಯಾಲ್ಸಿಯಂ ಕಡಿಮೆಯಾದ ನೀರಿನಲ್ಲಿ ಫ್ಲೋರೈಡ್ ತೇಲಿಕೊಂಡೇ ಉಳಿಯುತ್ತದೆ. ಹೀಗಾಗಿ ಸಾಬೂನು ಚೆನ್ನಾಗಿ ನೊರೆ ಬರುವ, ಬಾಯಿಗೆ ಸಪ್ಪಗೆ ಸಿಹಿಯೆನಿಸುವ ನೀರೇ ಕೆಲವು ಸಲ ಹೆಚ್ಚು ಅಪಾಯದ್ದು. ಈ ಬೋರಿನ ನೀರು ಕುಡಿಯಬಹುದು, ಇನ್ನೂರು ಮಾರು ದೂರದ ಬೋರಿನದು ಕುಡಿಯಬಾರದು. ಯಾಕೆ? ಇನ್ನೂ ಆಳಕ್ಕೆ ಕೊರೆದರೆ ಸುಧಾರಿಸುತ್ತದೋ, ಕೆಡುತ್ತದೋ? ಕೆರೆ ತುಂಬಿಸಿ ನೀರು ಇಂಗಿಸಿದರೆ ಎಷ್ಟು ವರ್ಷದಲ್ಲಿ ಫ್ಲೋರೈಡ್ ಇಳಿಯುತ್ತದೆ? ಇವು ಪುಸ್ತಕದಲ್ಲಿ ಸಿದ್ಧ ಉತ್ತರವಿರುವ ಪ್ರಶ್ನೆಗಳಲ್ಲ. ಪ್ರತಿ ಊರಿಗೂ ಹೋಗಿ, ಪ್ರತಿ ಹಂಗಾಮಿನಲ್ಲೂ ನೀರು ತಂದು, ಕಲ್ಲಿನ ಜತೆ ತಾಳೆ ನೋಡಬೇಕು. ಪರಿಸರ ಭೂವಿಜ್ಞಾನದ ಸಂಶೋಧನೆ ಎಂದರೆ ಬಹುಮಟ್ಟಿಗೆ ಇದೇ.

ತೆಂಗಿನಕಾಯಿಯ ಬದಲಿಗೆ ಭೂಗರ್ಭಶಾಸ್ತ್ರಜ್ಞ ಏನು ಹಿಡಿಯುತ್ತಾನೆ? ನೆಲಕ್ಕೆ ಸಾಲಾಗಿ ನಾಲ್ಕು ಸರಳು ನೆಡುತ್ತಾನೆ. ಹೊರಗಿನ ಎರಡರ ಮೂಲಕ ವಿದ್ಯುತ್ ಹರಿಸಿ, ಒಳಗಿನ ಎರಡರ ನಡುವೆ ವೋಲ್ಟೇಜ್ ಅಳೆಯುತ್ತಾನೆ. ಒಣ ಗಟ್ಟಿಕಲ್ಲು ವಿದ್ಯುತ್ತಿಗೆ ಅಡ್ಡಿ ಮಾಡುತ್ತದೆ, ಬಿರುಕು ಬಿಟ್ಟು ನೀರು ತುಂಬಿದ ಕಲ್ಲು ಹಾದಿ ಬಿಡುತ್ತದೆ. ಸರಳುಗಳ ಅಂತರ ಹೆಚ್ಚಿಸುತ್ತ ಹೋದಂತೆ ಹೆಚ್ಚು ಆಳದ ಸುದ್ದಿ ಬರುತ್ತದೆ. ಓಮ್‌ನ ನಿಯಮವೇ ಇದು, ಹೊಲಕ್ಕೆ ಇಳಿದಿದೆ ಅಷ್ಟೆ. ಈ ವಿಧಾನವೂ ನೂರಕ್ಕೆ ನೂರು ಹೇಳುವುದಿಲ್ಲ. ಜೇಡಿಮಣ್ಣೂ ವಿದ್ಯುತ್ತಿಗೆ ಹಾದಿ ಬಿಡುವುದರಿಂದ ಮೋಸ ಹೋಗುವುದುಂಟು. ಆದರೆ ಏಕೆ ಮೋಸವಾಯಿತೆಂದು ಮರುದಿನ ಕೂತು ವಿಚಾರಿಸಬಹುದು. ತೆಂಗಿನಕಾಯಿಯನ್ನು ಹಾಗೆ ವಿಚಾರಿಸಲಾಗದು.

ನಮ್ಮ ಸೀಮೆಯ ಹೊರಗೂ ಕೆಲಸಕ್ಕೆ ಕೊರತೆ ಇಲ್ಲ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಜಾರಿದವು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದು ಜನ, ವಾಹನ ಎಲ್ಲ ಮಣ್ಣುಪಾಲಾದದ್ದನ್ನು ನಾವೆಲ್ಲ ದಿನಗಟ್ಟಲೆ ಓದಿದೆವು. ಇಷ್ಟು ಮಳೆಗೆ ಈ ಇಳಿಜಾರು ತಡೆಯುತ್ತದೆ, ಇದಕ್ಕೆ ತಡೆಯುವುದಿಲ್ಲ ಎಂದು ಮುಂಚಿತವಾಗಿ ಹೇಳಬಲ್ಲವರು ಬೇಕು. ಭೂಕುಸಿತದ ಅಧ್ಯಯನಕ್ಕೆ ದೇಶದಲ್ಲಿ ಹೊಣೆ ಹೊತ್ತಿರುವುದು ಭೂವೈಜ್ಞಾನಿಕ ಸರ್ವೇಕ್ಷಣೆ. ಹಾವೇರಿಯ ಮೇಲೆ ಹಾಯ್ದು ಹೋಗುವ ಪುಣೆ ಹೆದ್ದಾರಿಯಲ್ಲೇ ಮುಂದೆ ಸಿಗುವ ಕರಾಡದಲ್ಲಿ, 1967ರಲ್ಲಿ ಕೊಯ್ನಾ ಭೂಕಂಪವಾದ ಸೀಮೆಯನ್ನು ಅಭ್ಯಾಸ ಮಾಡಲೆಂದೇ ಕೇಂದ್ರ ಸರಕಾರದ ಪ್ರಯೋಗಾಲಯವಿದೆ. ಅವರು ಕೊರೆದ ಪ್ರಾಯೋಗಿಕ ರಂಧ್ರದ ಆಳ ಸುಮಾರು 3 ಕಿಲೋಮೀಟರ್. ನಮ್ಮ ರೈತರ ಆರುನೂರು ಅಡಿಯ ಬೋರಿನೊಡನೆ ಹೋಲಿಸಿಕೊಳ್ಳಿ!

ಮಂಡ್ಯದ ಲಿಥಿಯಂ ಸುದ್ದಿಯೂ ನೆನಪಿರಬಹುದು. 2020ರಲ್ಲಿ 14,100 ಟನ್ ಎಂದು ಪತ್ರಿಕೆಗಳಲ್ಲಿ ದೊಡ್ಡ ಅಕ್ಷರದಲ್ಲಿ ಬಂತು. ಮುಂದೆ ಅಣು ಖನಿಜ ನಿರ್ದೇಶನಾಲಯ ಪ್ರಾಥಮಿಕ ಸಮೀಕ್ಷೆಯ ಮೇಲೆ ಹೇಳಿದ ಅಂದಾಜು 1,600 ಟನ್. ಈ ಎರಡು ಅಂಕಿಗಳ ನಡುವಿನ ಅಂತರವನ್ನು ತುಂಬುವುದು ಭೂಗರ್ಭಶಾಸ್ತ್ರಜ್ಞರ ದುಡಿಮೆ. ಇಂಥ ಕೊರೆದು ನೋಡುವ ಕೆಲಸ ನಮ್ಮ ಹಾವೇರಿ ತಾಲ್ಲೂಕಿನ ಗಣಜೂರಿನಲ್ಲೂ ಚಿನ್ನದ ಅದಿರಿಗಾಗಿ ನಡೆದಿದೆ.

ಈಗ ದಾರಿಯ ಮಾತು. ಪಾಲಕರು ಇಲ್ಲಿ ಸ್ವಲ್ಪ ನಿಧಾನವಾಗಿ ಓದಬೇಕು.

ಪಿಯುಸಿ ವಿಜ್ಞಾನದ ನಂತರ ಬಿ.ಎಸ್ಸಿ.ಯಲ್ಲಿ ಭೂಗರ್ಭಶಾಸ್ತ್ರ ಒಂದು ವಿಷಯವಾಗಿ ಇರಲೇಬೇಕು. ಎಂ.ಎಸ್ಸಿ. ಪ್ರವೇಶಕ್ಕೆ ಸಾಮಾನ್ಯವಾಗಿ ಅದನ್ನೇ ಕೇಳುತ್ತಾರೆ. ತೊಂದರೆ ಏನೆಂದರೆ ಊರಿಗೊಂದು ಪದವಿ ಕಾಲೇಜು ಇದ್ದರೂ ಈ ವಿಷಯ ಇರುವುದು ಕೆಲವೇ ಕಾಲೇಜುಗಳಲ್ಲಿ. ನಮಗೆ ಅನುಕೂಲವಾದದ್ದು ಧಾರವಾಡದ ಕರ್ನಾಟಕ ವಿಜ್ಞಾನ ಕಾಲೇಜು. ಹತ್ತಿರದ ಕಾಲೇಜೆಂದು ಸಿಕ್ಕ ವಿಷಯ ತೆಗೆದುಕೊಂಡು, ಮೂರು ವರ್ಷದ ಮೇಲೆ "ಸರ್, ಜಿಯಾಲಜಿಗೆ ಹೋಗಬಹುದೇನ್ರಿ?" ಎಂದು ಬರುವ ಹುಡುಗರಿಗೆ ಏನು ಹೇಳಲಿ? ಜತೆಗೆ ರಸಾಯನಶಾಸ್ತ್ರ ಸಿಗುವಂತಿದ್ದರೆ ಅದನ್ನು ಬಿಡಬೇಡಿ. ನೀರು, ಮಣ್ಣಿನ ಕಡೆಗೆ ಹೋಗುವವರಿಗೆ ಅದೇ ಬಲಗೈ. 2024-25ರಿಂದ ನಮ್ಮ ರಾಜ್ಯದಲ್ಲಿ ಪದವಿ ಮತ್ತೆ ಮೂರು ವರ್ಷಕ್ಕೆ ಬಂದಿರುವುದರಿಂದ ನಮ್ಮ ಮಕ್ಕಳ ಲೆಕ್ಕ ಸರಳ: ಮೂರು ವರ್ಷ ಬಿ.ಎಸ್ಸಿ., ಎರಡು ವರ್ಷ ಎಂ.ಎಸ್ಸಿ., ಆಮೇಲೆ ಪಿಎಚ್.ಡಿ.

ಎಂ.ಎಸ್ಸಿ.ಗೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವಿದೆ. ಮೈಸೂರಿನ ಮಾನಸಗಂಗೋತ್ರಿ, ಬೆಂಗಳೂರಿನ ಜ್ಞಾನಭಾರತಿ, ಅನ್ವಯಿಕ ಭೂವಿಜ್ಞಾನಕ್ಕೆ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ, ಸಮುದ್ರ ಭೂವಿಜ್ಞಾನಕ್ಕೆ ಮಂಗಳೂರು ವಿಶ್ವವಿದ್ಯಾಲಯ ಇವೆ. ಇನ್ನೂ ಧೈರ್ಯವಿದ್ದವರು 'ಜಾಮ್' ಪರೀಕ್ಷೆಯ ಭೂಗರ್ಭಶಾಸ್ತ್ರ ಪತ್ರಿಕೆ ಬರೆದು ಮುಂಬಯಿ, ಖರಗಪುರ, ರೂರ್ಕಿಯ ಐಐಟಿಗಳಿಗೆ ಹೋಗಬಹುದು.

ಎಂ.ಎಸ್ಸಿ. ಕೊನೆಯ ವರ್ಷದ ಹೊತ್ತಿಗೆ ಮೂರು ಪರೀಕ್ಷೆಗಳು ಎದುರಿಗೆ ಬರುತ್ತವೆ. ಸಂಶೋಧನೆಗೆ ಹೋಗುವವರಿಗೆ ಮುಖ್ಯವಾದದ್ದು ಸಿಎಸ್‌ಐಆರ್ ನೆಟ್. ಅದರಲ್ಲಿ ಭೂಮಿ, ವಾಯುಮಂಡಲ, ಸಾಗರ, ಗ್ರಹಗಳ ವಿಜ್ಞಾನಕ್ಕೆ ಸೇರಿ ಒಂದು ಪತ್ರಿಕೆ. ಮೇಲಿನ ಸಾಲಿನಲ್ಲಿ ಪಾಸಾದವರಿಗೆ ಜೂನಿಯರ್ ರಿಸರ್ಚ್ ಫೆಲೋಶಿಪ್. 2023ರ ಜನವರಿಯಿಂದ ಜಾರಿಗೆ ಬಂದ ದರದಂತೆ ತಿಂಗಳಿಗೆ 37,000 ರೂಪಾಯಿ ಶಿಷ್ಯವೇತನ, ಎರಡು ವರ್ಷದ ನಂತರ ಸೀನಿಯರ್ ಆದರೆ 42,000 ರೂಪಾಯಿ. ಕೆಳಗಿನ ಸಾಲಿನಲ್ಲಿ ಪಾಸಾದವರಿಗೂ ಪಿಎಚ್.ಡಿ. ಪ್ರವೇಶಕ್ಕೆ ಆ ಅಂಕಗಳನ್ನು ಪರಿಗಣಿಸುವ ವ್ಯವಸ್ಥೆ 2024ರಿಂದ ಬಂದಿದೆ. "ಪಿಎಚ್.ಡಿ. ಓದಿಸೋ ಶಕ್ತಿ ನಮಗಿಲ್ರಿ" ಎನ್ನುವ ಪಾಲಕರು ಇದನ್ನು ಗಮನಿಸಬೇಕು. ಫೆಲೋಶಿಪ್ ಗೆದ್ದ ಮಗನೋ ಮಗಳೋ ಮನೆಯಿಂದ ಹಣ ಕೇಳುವುದಿಲ್ಲ, ಮನೆಗೇ ಸ್ವಲ್ಪ ಕಳಿಸುತ್ತಾರೆ. ಆದರೆ ಶಿಷ್ಯವೇತನ ಕೆಲವು ಸಲ ತಿಂಗಳುಗಟ್ಟಲೆ ತಡವಾಗುವುದುಂಟು. ನಾಲ್ಕಾರು ತಿಂಗಳ ಖರ್ಚಿಗೆ ಕೈಯಲ್ಲಿ ಇಟ್ಟುಕೊಂಡೇ ಹೊರಡುವುದು ಲೇಸು.

ಎರಡನೆಯದು ಗೇಟ್. ಮೂರನೆಯದು ಯುಪಿಎಸ್‌ಸಿ ನಡೆಸುವ ಕಂಬೈನ್ಡ್ ಜಿಯೋ-ಸೈಂಟಿಸ್ಟ್ ಪರೀಕ್ಷೆ. ಇದು ಓದಿಗಲ್ಲ, ನೇರವಾಗಿ ನೌಕರಿಗೆ. ಭೂವೈಜ್ಞಾನಿಕ ಸರ್ವೇಕ್ಷಣೆಯಲ್ಲಿ ಜಿಯಾಲಜಿಸ್ಟ್, ಕೇಂದ್ರ ಅಂತರ್ಜಲ ಮಂಡಳಿಯಲ್ಲಿ ವಿಜ್ಞಾನಿ, ಎಲ್ಲ 'ಎ' ದರ್ಜೆಯ ಹುದ್ದೆಗಳು. ಸರ್ವೇಕ್ಷಣೆಯವರ ಕ್ಷೇತ್ರ ತರಬೇತಿ ಕೇಂದ್ರವೊಂದು ನಮ್ಮ ಚಿತ್ರದುರ್ಗದಲ್ಲೇ ಇದೆ. ದೇಶದ ಬೇರೆ ಬೇರೆ ಮೂಲೆಯ ಹುಡುಗರು ಅಲ್ಲಿಗೆ ಬಂದು ನಮ್ಮ ಕಲ್ಲು ಕಲಿತು ಹೋಗುತ್ತಾರೆ.

ಇಲ್ಲಿಯೇ ಒಂದು ಎಚ್ಚರಿಕೆ. 'ಪರಿಸರ ವಿಜ್ಞಾನ' ಎಂಬ ಹೆಸರು ಕೇಳಲು ಹಿತವಾಗಿದೆ. ಅದರಲ್ಲೇ ಬಿ.ಎಸ್ಸಿ., ಎಂ.ಎಸ್ಸಿ. ಮಾಡಬಹುದು, ಯುಜಿಸಿ ನೆಟ್‌ನಲ್ಲಿ ಅದಕ್ಕೆ ಪತ್ರಿಕೆಯೂ ಇದೆ. ಆದರೆ ಜಿಯೋ-ಸೈಂಟಿಸ್ಟ್ ಪರೀಕ್ಷೆಯ ಜಿಯಾಲಜಿಸ್ಟ್ ಮತ್ತು ಅಂತರ್ಜಲ ವಿಜ್ಞಾನಿ ಹುದ್ದೆಗಳಿಗೆ ಕೇಳುವ ಪದವಿಗಳ ಪಟ್ಟಿಯಲ್ಲಿ ಪರಿಸರ ವಿಜ್ಞಾನ ಇಲ್ಲ. ಭೂಗರ್ಭಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ, ಪಿಎಚ್.ಡಿ.ಯಲ್ಲಿ ನೀರನ್ನೋ ಭೂಕುಸಿತವನ್ನೋ ಗಣಿ ಮಾಲಿನ್ಯವನ್ನೋ ಹಿಡಿದವರಿಗೆ ಎರಡೂ ಬಾಗಿಲು ತೆರೆದಿರುತ್ತವೆ. ಮೊದಲು ಕಲ್ಲು, ಆಮೇಲೆ ಪರಿಸರ ಎಂಬುದು ನನ್ನ ಅಭಿಪ್ರಾಯ. ಒಪ್ಪದವರೂ ಇದ್ದಾರೆ.

ಸಂಶೋಧನೆ ಮಾಡುವ ಸ್ಥಳಗಳೂ ಅಷ್ಟೇನೂ ದೂರವಿಲ್ಲ. ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆ 1961ರಿಂದ ಇದೆ. ತಿರುವನಂತಪುರದಲ್ಲಿ ರಾಷ್ಟ್ರೀಯ ಭೂವಿಜ್ಞಾನ ಅಧ್ಯಯನ ಕೇಂದ್ರ. ಹುಬ್ಬಳ್ಳಿಯಿಂದ ರೈಲು ಹತ್ತಿದರೆ ಗೋವೆ. ಅಲ್ಲಿ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯೂ, ಅಂಟಾರ್ಕ್ಟಿಕದ ಮೈತ್ರಿ, ಭಾರತಿ ನೆಲೆಗಳನ್ನು ನಡೆಸುವ ಧ್ರುವ ಸಂಶೋಧನಾ ಕೇಂದ್ರವೂ ಇವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಭೂವಿಜ್ಞಾನ ಕೇಂದ್ರವಿದೆ. ಭೌತಶಾಸ್ತ್ರ, ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವರಿಗೂ ಅಲ್ಲಿ ಬಾಗಿಲು ಮುಚ್ಚಿಲ್ಲ. ಪದವಿಯಲ್ಲಿರುವಾಗಲೇ ರುಚಿ ನೋಡಬೇಕೆನ್ನುವವರಿಗೆ ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ನಡೆಸುವ ಬೇಸಿಗೆ ಸಂಶೋಧನಾ ಫೆಲೋಶಿಪ್ ಇದೆ. ಎರಡು ತಿಂಗಳು ಯಾವುದಾದರೂ ವಿಜ್ಞಾನಿಯ ಕೈಕೆಳಗೆ ಕೆಲಸ. ಶಿಕ್ಷಕರೂ ಅರ್ಜಿ ಹಾಕಬಹುದು, ಸಹೋದ್ಯೋಗಿಗಳು ಗಮನಿಸಲಿ.

ಹೆಣ್ಣುಮಕ್ಕಳ ಪಾಲಕರ ಮನಸ್ಸಿನಲ್ಲಿ ಇನ್ನೊಂದು ಅಳುಕು ಇರುತ್ತದೆ. ಗುಡ್ಡ ಹತ್ತಬೇಕು, ತಿಂಗಳುಗಟ್ಟಲೆ ಕ್ಯಾಂಪಿನಲ್ಲಿರಬೇಕು. ಅದು ನಿಜ, ಮುಚ್ಚಿಡುವುದಿಲ್ಲ. ಜಾಧವಪುರ ವಿಶ್ವವಿದ್ಯಾಲಯದ ಸುದೀಪ್ತಾ ಸೇನ್‌ಗುಪ್ತಾ ಎಂಬ ಭೂಗರ್ಭಶಾಸ್ತ್ರಜ್ಞೆ 1983ರಲ್ಲಿ ಹೊರಟ ಭಾರತದ ತಂಡದೊಡನೆ ಅಂಟಾರ್ಕ್ಟಿಕಕ್ಕೇ ಹೋಗಿ ಬಂದರು. ಹಾಗೆಂದು ಎಲ್ಲರೂ ಗುಡ್ಡವನ್ನೇ ಹತ್ತಬೇಕೆಂದೂ ಇಲ್ಲ. ಉಪಗ್ರಹ ಚಿತ್ರ ಓದುವವರು, ಪ್ರಯೋಗಾಲಯದಲ್ಲಿ ಐಸೊಟೋಪು ಅಳೆಯುವವರು, ಕಂಪ್ಯೂಟರಿನಲ್ಲಿ ನೀರಿನ ಹರಿವಿನ ಲೆಕ್ಕ ಹಾಕುವವರು ಎಲ್ಲರೂ ಈ ಮನೆಯವರೇ.

ಯಾರು ಹೋಗಬಾರದು ಎಂಬುದನ್ನೂ ಹೇಳಬೇಕು. ಪದವಿ ಮುಗಿದ ಕೂಡಲೇ ಮನೆಗೆ ಸಂಬಳ ತರಲೇಬೇಕಾದ ಸ್ಥಿತಿ ಇರುವವರು ಪಿಎಚ್.ಡಿ.ಯ ಐದಾರು ವರ್ಷವನ್ನು ಲೆಕ್ಕ ಹಾಕಿಯೇ ಮುಂದುವರಿಯಬೇಕು. ಅಂಥವರಿಗೆ ಜಿಯೋ-ಸೈಂಟಿಸ್ಟ್ ಪರೀಕ್ಷೆಯೇ ಮೊದಲ ಗುರಿಯಾಗಲಿ, ಸಂಶೋಧನೆ ನೌಕರಿಯಲ್ಲಿದ್ದೂ ಮಾಡಬಹುದು. ಇನ್ನು ಇಂಗ್ಲಿಷು. ಸಿಎಸ್‌ಐಆರ್ ನೆಟ್ ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿರುತ್ತದೆ, ಕನ್ನಡದಲ್ಲಿಲ್ಲ. ಕನ್ನಡ ಮಾಧ್ಯಮದ ಮಕ್ಕಳು ಬಿ.ಎಸ್ಸಿ. ಮೊದಲ ವರ್ಷದಿಂದಲೇ ದಿನಕ್ಕೆ ಎರಡು ಪುಟ ಇಂಗ್ಲಿಷ್ ವಿಜ್ಞಾನ ಓದುವ ರೂಢಿ ಹಾಕಿಕೊಂಡರೆ ಇದು ದಾಟಲಾಗದ ಹಳ್ಳವೇನಲ್ಲ. ಓದಲು ಎಲ್ಲಿಂದ ಶುರು ಮಾಡಲಿ ಎನ್ನುವವರಿಗೆ ಬಿ.ಪಿ. ರಾಧಾಕೃಷ್ಣ ಮತ್ತು ಆರ್. ವೈದ್ಯನಾಥನ್ ಬರೆದ 'ಜಿಯಾಲಜಿ ಆಫ್ ಕರ್ನಾಟಕ' ಇದೆ. ರಾಧಾಕೃಷ್ಣ ನಮ್ಮ ರಾಜ್ಯದ ಗಣಿ ಮತ್ತು ಭೂವಿಜ್ಞಾನ ಇಲಾಖೆಯನ್ನು ನಡೆಸಿದವರು. 1958ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಭಾರತೀಯ ಭೂವೈಜ್ಞಾನಿಕ ಸಂಘದ ಪತ್ರಿಕೆಯನ್ನು ದಶಕಗಳ ಕಾಲ ಸಂಪಾದಿಸಿದವರು.

ಕಾಲೇಜು ಶುರುವಾಗುವವರೆಗೆ ಸಮಯವಿದೆ. ಈ ವಿಷಯ ತನಗೆ ಒಗ್ಗುತ್ತದೆಯೇ ಎಂದು ನೋಡಿಕೊಳ್ಳಬೇಕೆನ್ನುವ ಹುಡುಗ ಹುಡುಗಿಯರು ಹೀಗೆ ಮಾಡಿ. ಊರಿನಲ್ಲಿ ಯಾರದಾದರೂ ಹೊಲಕ್ಕೆ ಬೋರಿನ ಗಾಡಿ ಬಂದಾಗ ಹೊಲದವರನ್ನು ಕೇಳಿ ಅಲ್ಲಿಗೆ ಹೋಗಿ, ಯಂತ್ರದಿಂದ ದೂರ ನಿಂತು, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಪ್ರತಿ ಹತ್ತು ಅಡಿಗೆ ಹೊರಬರುವ ಪುಡಿಯನ್ನು ಒಂದೊಂದು ಹಿಡಿ ಪ್ಲಾಸ್ಟಿಕ್ ಚೀಲದಲ್ಲಿ ತುಂಬಿಕೊಡಲು ಕೆಲಸದವರನ್ನೇ ಕೇಳಿಕೊಳ್ಳಿ. ಚೀಟಿಯಲ್ಲಿ ಆಳ ಬರೆದು ಒಳಗೆ ಹಾಕಿ. ಎರೆಮಣ್ಣು ಎಷ್ಟು ಅಡಿಗೆ ಮುಗಿದು ಗರಸು ಶುರುವಾಯಿತು, ಪುಡಿಯ ಬಣ್ಣ ಎಲ್ಲಿ ಬದಲಾಯಿತು, ಕೊರೆಯುವ ವೇಗ ಎಲ್ಲಿ ಹೆಚ್ಚಿತು, ಮೊದಲ ತೇವ ಎಷ್ಟು ಅಡಿಗೆ ಬಂತು, ಇಷ್ಟನ್ನು ನೋಟ್‌ಬುಕ್ಕಿನಲ್ಲಿ ಗುರುತು ಮಾಡಿ. ಮನೆಗೆ ಬಂದು ಚೀಲಗಳನ್ನು ಸಾಲಾಗಿ ಇಟ್ಟು, ಭೂವೈಜ್ಞಾನಿಕ ಸರ್ವೇಕ್ಷಣೆಯವರು 'ಭೂಕೋಶ'ದಲ್ಲಿ ಉಚಿತವಾಗಿ ಒದಗಿಸಿರುವ ನಕ್ಷೆಯಲ್ಲಿ ನಿಮ್ಮ ಊರನ್ನು ಹುಡುಕಿ, ಅಲ್ಲಿ ಯಾವ ಶಿಲೆಯ ಬಣ್ಣ ಹಚ್ಚಿದ್ದಾರೆಂದು ನೋಡಿ. ನಕ್ಷೆಗೂ ನಿಮ್ಮ ಚೀಲದ ಪುಡಿಗೂ ತಾಳೆಯಾಗದಿದ್ದರೆ ಚೀಲಗಳನ್ನು ಎಸೆಯಬೇಡಿ, ಧಾರವಾಡಕ್ಕೆ ಪ್ರವೇಶಕ್ಕೆ ಹೋಗುವ ದಿನ ಜತೆಗೇ ಒಯ್ಯಿರಿ.